ಯಾವ ಕಾಲು ನೋಯುತ್ತಿದೆ? ನಿಂತವರ ಪೆನ್ಸಿಲ್ ಸ್ಕೆಚ್ ನೋಡುವ ಬಗೆ

ಮೈಸೂರಿನ ಸಿಟಿ ಬಸ್ಸಿನಲ್ಲಿ ನಾನು 31 ವರ್ಷ ಕಂಡಕ್ಟರ್ ಆಗಿದ್ದೆ. ಚಿತ್ರ ಬರೆಯೋಕೆ ನನಗೆ ಬರುವುದಿಲ್ಲ. ಮೊಮ್ಮಗ ಆನೆ ಬರೆದುಕೊಡು ಅಂದರೆ ಹಂದಿ ಬರುತ್ತದೆ. ಆದರೂ ನಿಂತವರ ಸ್ಕೆಚ್ ಬಗ್ಗೆ ನಾಲ್ಕು ಮಾತು ಹೇಳಬಲ್ಲೆ ಅನ್ನೋ ಧೈರ್ಯ ಇದೆ. ಯಾಕಂದ್ರೆ ನಿಲ್ಲುವುದು ಅಂದರೆ ಏನು ಅಂತ ನನ್ನ ಮಂಡಿಗೆ ಗೊತ್ತು.

ರಿಟೈರ್ ಆದ ಮೇಲೆ ಮಹಡಿ ಮೇಲಿನ ರೂಮನ್ನು ಚಿತ್ರಕಲೆ ಓದುವ ಮೂರು ಹುಡುಗರಿಗೆ ಬಾಡಿಗೆಗೆ ಕೊಟ್ಟೆವು. ಭಾನುವಾರ ಅವರ ಕ್ಲಾಸಿನವರೆಲ್ಲ ನಮ್ಮ ತಾರಸಿಗೆ ಬರುತ್ತಿದ್ದರು. ಸಿಟಿ ಬಸ್ ಸ್ಟ್ಯಾಂಡ್, ದೇವರಾಜ ಮಾರ್ಕೆಟ್ಟು ಎಲ್ಲಾ ಸುತ್ತಿ ಸ್ಕೆಚ್ ಮಾಡುತ್ತಿದ್ದ ಗುಂಪು ಅದು. ಅಲ್ಲಿನ ತೊಂದರೆ ಏನಪ್ಪಾ ಅಂದ್ರೆ ಜನ ನಿಲ್ಲೋದಿಲ್ಲ. ಬಸ್ ಬಂತು ಅಂದರೆ ಅರ್ಧ ಬರೆದ ಮನುಷ್ಯ ಹೊರಟೇ ಹೋದ. ಒಂದು ದಿನ ಕೇಳಿದರು, "ಅಂಕಲ್, ಅರ್ಧ ಗಂಟೆ ನಿಂತ್ಕೋತೀರಾ?" ನನಗೆ ನಗು ಬಂತು. ಜೀವಮಾನ ಪೂರ್ತಿ ಸಂಬಳ ತಗೊಂಡು ಮಾಡಿದ ಕೆಲಸವನ್ನೇ ಕೇಳುತ್ತಿದ್ದಾರಲ್ಲ ಅಂತ.

ಹಳೇ ಚರ್ಮದ ಬ್ಯಾಗ್ ಹಾಕ್ಕೊಂಡು ಬನ್ನಿ ಅಂದರು. ಹಾಕಿಕೊಂಡು ನಿಂತೆ. ಮದ್ದೂರಿನ ಕಡೆಯ ಒಬ್ಬಳು ಹುಡುಗಿ ಎರಡು ನಿಮಿಷ ನೋಡಿ ತಲೆ ಆಡಿಸಿದಳು. "ಬ್ಯಾಗ್ ಖಾಲಿ ಇದೆ ಅಲ್ವಾ ಅಂಕಲ್? ಭುಜ ಸುಮ್ನೆ ಇದೆ." ಅವಳು ಹೇಳಿದ್ದು ನಿಜ. ಚಿಲ್ಲರೆ ತುಂಬಿದ ಬ್ಯಾಗು ಎಡಭುಜವನ್ನು ಎಷ್ಟು ಕೆಳಗೆ ಎಳೆಯುತ್ತೆ ಅಂತ ನನಗೇ ಮರೆತಿತ್ತು. ಅಡುಗೆಮನೆಯಿಂದ ಎರಡು ಕೆಜಿ ಸಕ್ಕರೆ ತಂದು ಬ್ಯಾಗಿಗೆ ಹಾಕಿದ ಮೇಲೆ ಕೆಲಸ ಶುರುವಾಯಿತು. ಅವತ್ತು ಅವಳು ಒಂದು ನಿಮಿಷದಲ್ಲಿ ಬರೆದ ಸ್ಕೆಚ್ ಈಗ ನಮ್ಮ ಮನೆಯಲ್ಲಿದೆ. ನನ್ನ ಹೆಂಡತಿ ಅದನ್ನು ನೋಡಿ ಮೊದಲು ಹೇಳಿದ ಮಾತು: "ಏನ್ರೀ ಇದು? ಮುಖಾನೇ ಇಲ್ಲ. ಕಾಲೂ ಒಂದೇ ಇದ್ದಂಗಿದೆ."

ನೀವೂ ಇಂಥ ಸ್ಕೆಚ್ ಮುಂದೆ ನಿಂತು ಹೀಗೇ ಅಂದುಕೊಂಡಿದ್ದರೆ ತಪ್ಪೇನಿಲ್ಲ. ನಾವೆಲ್ಲ ಮೊದಲು ಹುಡುಕುವುದು ಮುಖವನ್ನು. ಫೋಟೋದಲ್ಲಿ ನಮ್ಮ ಮುಖ ಹುಡುಕುವ ಹಾಗೆ. ಅವಸರದ ಸ್ಕೆಚ್ಚಿನಲ್ಲಿ ಮುಖ ಕೊನೆಯದು. ಎಷ್ಟೋ ಸಲ ಇರುವುದೇ ಇಲ್ಲ.

ಮೊದಲು ಹಾಳೆಯನ್ನು ಟೇಬಲ್ ಮೇಲೆ ಮಲಗಿಸಿ ನೋಡಬೇಡಿ. ಬಗ್ಗಿ ನೋಡಿದರೆ ನಿಂತ ಮನುಷ್ಯ ಕುಳ್ಳನಾಗಿ, ತಲೆ ಸಣ್ಣದಾಗಿ ಕಾಣುತ್ತಾನೆ. ಬರೆದವರು ಹಲಗೆಯನ್ನು ಎತ್ತಿ ಹಿಡಿದು ಬರೆದಿರುತ್ತಾರೆ. ನೀವೂ ಗೋಡೆಗೆ ಒರಗಿಸಿ ಇಡಿ. ಆರು ಹೆಜ್ಜೆ ಹಿಂದೆ ಹೋಗಿ. ಕಣ್ಣು ಅರ್ಧ ಮುಚ್ಚಿ. ಆಗ ಸಣ್ಣಪುಟ್ಟ ಗೆರೆಗಳೆಲ್ಲ ಮಸುಕಾಗಿ, ಇಡೀ ದೇಹ ಯಾವ ಕಡೆ ವಾಲಿದೆ ಅನ್ನುವುದು ಮಾತ್ರ ಉಳಿಯುತ್ತದೆ.

ಈಗ ಮುಖ್ಯವಾದ ಕೆಲಸ. ಬಾಗಿಲು ಹಾಕಿಕೊಳ್ಳಿ, ನಾಚಿಕೆ ಆಗುತ್ತೆ ಅಂದರೆ. ಆಮೇಲೆ ಆ ಚಿತ್ರದಲ್ಲಿ ಇರುವ ಹಾಗೆಯೇ ನಿಲ್ಲಿ. ಅವನ ಕೈ ಸೊಂಟದ ಮೇಲಿದ್ದರೆ ನಿಮ್ಮದೂ ಇಡಿ. ಅವನ ಮಂಡಿ ಮಡಚಿದ್ದರೆ ನೀವೂ ಮಡಚಿ. ಮನಸ್ಸಿನಲ್ಲೇ ಅರವತ್ತು ಎಣಿಸಿ. ಯಾವ ಕಾಲು ಮೊದಲು ನೋಯುತ್ತೆ? ಸ್ಕೆಚ್ಚಿನಲ್ಲೂ ತೂಕ ಅದೇ ಕಾಲಿನ ಮೇಲೆ ಇರಬೇಕು. ಇದ್ದರೆ ಬರೆದವರು ನೋಡಿದ್ದಾರೆ. ನಿಂತುಕೊಳ್ಳೋಕೆ ಆಗಲೇ ಇಲ್ಲ, ಬೀಳುವ ಹಾಗಾಯಿತು ಅಂದರೆ ಎರಡು ಸಾಧ್ಯತೆ. ಒಂದು, ಚಿತ್ರದಲ್ಲಿ ಕಾಣದ ಗೋಡೆಗೋ ಕಂಬಿಗೋ ಆತ ಒರಗಿದ್ದಾನೆ. ಇಲ್ಲವೇ ಬರೆದವರು ಊಹೆ ಮಾಡಿ ಬರೆದಿದ್ದಾರೆ.

ಚಾಮುಂಡಿ ಬೆಟ್ಟಕ್ಕೆ ಹೋಗುವ 201ರಲ್ಲಿ ನಾನು ತುಂಬಾ ದಿನ ಡ್ಯೂಟಿ ಮಾಡಿದ್ದೇನೆ. ಬಸ್ ತುಂಬಿದ್ದಾಗ ತಿರುವಿನಲ್ಲಿ ನಿಂತವರೆಲ್ಲ ಒಟ್ಟಿಗೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಹೋಗುತ್ತಾರೆ. ಹೊಸಬರು ಎರಡೂ ಕಾಲನ್ನು ಸಮ ಊರಿ ಸೆಟೆದುಕೊಂಡಿರುತ್ತಾರೆ. ಅವರೇ ಮೊದಲು ಮುಗ್ಗರಿಸುವುದು. ದಿನಾ ಹತ್ತುವ ಹೂವಿನ ಹೆಂಗಸರು ಒಂದು ಮಂಡಿ ಸಡಿಲ ಬಿಟ್ಟು, ಬುಟ್ಟಿ ಸೊಂಟಕ್ಕೆ ಆನಿಸಿ, ಅಲ್ಲಾಡದೆ ನಿಲ್ಲುತ್ತಾರೆ. ನಿಂತವರು ಸುಮ್ಮನೆ ಇರುತ್ತಾರೆ ಅನ್ನುವುದು ಕೂತವರ ಕಲ್ಪನೆ. ನಿಂತವರು ಇಡೀ ಹೊತ್ತು ಬೀಳದೇ ಇರುವ ಕೆಲಸ ಮಾಡುತ್ತಿರುತ್ತಾರೆ. ಆ ಕೆಲಸ ಕಾಗದದ ಮೇಲೆ ಕಂಡರೆ ಅದು ಒಳ್ಳೇ ಸ್ಕೆಚ್. ನನ್ನ ಲೆಕ್ಕ ಇಷ್ಟೇ.

ಇದನ್ನು ಪರೀಕ್ಷೆ ಮಾಡುವುದು ಸುಲಭ. ಗಾರೆ ಕೆಲಸದವರು ದಾರಕ್ಕೆ ಗುಂಡು ಕಟ್ಟಿ ಗೋಡೆ ನೆಟ್ಟಗಿದೆಯಾ ಅಂತ ನೋಡುತ್ತಾರಲ್ಲ, ಹಾಗೆ. ಒಂದು ದಾರಕ್ಕೆ ಬೀಗದ ಕೈ ಕಟ್ಟಿ, ನೆಟ್ಟಗೆ ಇಟ್ಟ ಸ್ಕೆಚ್ಚಿನ ಮುಂದೆ ಹಿಡಿಯಿರಿ. ಕಾಗದಕ್ಕೆ ತಾಗಿಸಬೇಡಿ. ದಾರ ಗಂಟಲ ಗುಳಿಯ ಮೇಲೆ ಹಾದುಹೋಗಲಿ. ಎರಡು ಕೊರಳೆಲುಬು ಸೇರುವ ಜಾಗ ಅದು. ಮನುಷ್ಯ ಏನಕ್ಕೂ ಒರಗದೆ, ಒಂದೇ ಕಾಲಿನ ಮೇಲೆ ಪೂರ್ತಿ ಭಾರ ಹಾಕಿದ್ದರೆ ದಾರ ಹೆಚ್ಚುಕಮ್ಮಿ ಆ ಕಾಲಿನ ಪಾದಕ್ಕೇ ಇಳಿಯುತ್ತದೆ. ಎರಡೂ ಕಾಲಿನ ಮೇಲೆ ಸಮ ನಿಂತಿದ್ದರೆ ಎರಡು ಪಾದದ ನಡುವೆ ಬೀಳುತ್ತದೆ. ಎರಡೂ ಪಾದದಿಂದ ಹೊರಗೆ ಬಿದ್ದರೆ ಆ ಮನುಷ್ಯ ಬೀಳುತ್ತಿದ್ದಾನೆ ಅಂತ ಅರ್ಥ.

ಇನ್ನೊಂದು ನೋಡಬೇಕು. ಭುಜದ ಗೆರೆ, ಬೆಲ್ಟಿನ ಗೆರೆ. ಭಾರ ಹೊತ್ತ ಕಾಲಿನ ಕಡೆ ಸೊಂಟ ಮೇಲೆ ಏರುತ್ತದೆ, ಅದೇ ಕಡೆ ಭುಜ ಸಾಮಾನ್ಯವಾಗಿ ಕೆಳಗೆ ಇಳಿಯುತ್ತದೆ. ಕನ್ನಡಿ ಮುಂದೆ ನಿಂತು ನೋಡಿ, ಗೊತ್ತಾಗುತ್ತೆ. ನಮ್ಮ ಮನೆಯ ಸ್ಕೆಚ್ಚಿನಲ್ಲಿ ನನ್ನ ಎಡಸೊಂಟ ಏರಿದೆ, ಎಡಭುಜ ಇಳಿದಿದೆ. ಎರಡು ಗೆರೆಗಳು ಆ ಕಡೆ ಹತ್ತಿರ ಬಂದು, ಬಲಗಡೆ ದೂರ ಹೋಗುತ್ತವೆ. ಎಡಗಡೆ ಅಂಗಿ ಮುದುರಿದೆ. ಆ ಮುದುರಿಗೆ ಅವಳು ಹಾಕಿರುವುದು ಮೂರೇ ಮೂರು ಚಿಕ್ಕ ಗೆರೆ. ಬಲಗಡೆ ಬಟ್ಟೆ ಎಳೆದ ಹಾಗಿದೆ, ಅಲ್ಲಿ ಒಂದೇ ಉದ್ದ ಗೆರೆ. ಇಷ್ಟರಲ್ಲೇ ಎರಡು ಕೆಜಿ ಸಕ್ಕರೆ ಕಾಣುತ್ತೆ.

ಇದನ್ನು ಕಲ್ಲಿನಲ್ಲಿ ನೋಡಬೇಕು ಅಂದರೆ ಸೋಮನಾಥಪುರಕ್ಕೆ ಹೋಗಿ. ಹೊಯ್ಸಳರ ಕಾಲದಲ್ಲಿ, ಹದಿಮೂರನೇ ಶತಮಾನದಲ್ಲಿ ಕಟ್ಟಿಸಿದ ಗುಡಿ. ಒಳಗೆ ಮೂರು ಗರ್ಭಗುಡಿ ಇವೆ. ಒಂದರಲ್ಲಿ ಜನಾರ್ದನ, ಎರಡೂ ಕಾಲಿನ ಮೇಲೆ ಸಮವಾಗಿ ನೆಟ್ಟಗೆ ನಿಂತಿದ್ದಾನೆ. ಇದಕ್ಕೆ ಸಮಭಂಗ ಅಂತಾರೆ. ಇನ್ನೊಂದರಲ್ಲಿ ವೇಣುಗೋಪಾಲ, ಕಾಲಿಗೆ ಕಾಲು ಅಡ್ಡ ಇಟ್ಟು ಕೊಳಲು ಊದುತ್ತಾ ಮೂರು ಕಡೆ ಬಾಗಿದ್ದಾನೆ. ಅದು ತ್ರಿಭಂಗ. ಇವನನ್ನು ನೋಡಿ ಅವನನ್ನು ನೋಡಿ. ನೆಟ್ಟಗೆ ನಿಂತವನು ಕದಲುವುದಿಲ್ಲ ಅನಿಸುತ್ತೆ, ಬಾಗಿದವನು ಈಗ ತಾನೇ ಬಂದು ನಿಂತ ಹಾಗಿದ್ದಾನೆ. ಆ ಹುಡುಗರು ಹೋದಾಗ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಅದಕ್ಕೆ ಮುಂಚೆ ಎಷ್ಟೋ ಸಲ ನೆಂಟರನ್ನು ಕರೆದುಕೊಂಡು ಹೋಗಿದ್ದೆ. ಆಗೆಲ್ಲ ಚಪ್ಪಲಿ ಎಲ್ಲಿ ಬಿಟ್ಟೆವು ಅನ್ನುವುದರ ಮೇಲೇ ಗಮನ.

ಸ್ಕೆಚ್ಚಿಗೆ ಎಷ್ಟು ಹೊತ್ತು ಹಿಡಿಯಿತು ಅಂತ ಕೇಳಿ ತಿಳಿದುಕೊಳ್ಳಿ. ಕೆಲವರು ಮೂಲೆಯಲ್ಲಿ ಬರೆದಿರುತ್ತಾರೆ. ನಮ್ಮ ತಾರಸಿಯಲ್ಲಿ ಮೊಬೈಲ್‌ನಲ್ಲಿ ಟೈಮರ್ ಇಟ್ಟು ಮೊದಲು ಮೂವತ್ತು ಸೆಕೆಂಡಿನವು, ಆಮೇಲೆ ಒಂದು ನಿಮಿಷ, ಎರಡು, ಐದು ನಿಮಿಷದವು ಮಾಡುತ್ತಿದ್ದರು. ಮೂವತ್ತು ಸೆಕೆಂಡಿನಲ್ಲಿ ತಲೆಗೆ ಒಂದು ಮೊಟ್ಟೆ, ಅಲ್ಲಿಂದ ಭಾರ ಇರುವ ಹಿಮ್ಮಡಿವರೆಗೆ ಒಂದು ಬಾಗಿದ ಗೆರೆ, ಭುಜಕ್ಕೆ ಸೊಂಟಕ್ಕೆ ಒಂದೊಂದು ಅಡ್ಡಗೆರೆ. ಅಷ್ಟೇ ಆಗುವುದು. ಅದಕ್ಕೆ ಬೆರಳಿಲ್ಲ ಅಂತ ಬೈಯಬಾರದು. ಐದು ನಿಮಿಷ ಕೊಟ್ಟಾಗಲೂ ಬರೀ ಮೊಟ್ಟೆ, ಕಡ್ಡಿ ಇದ್ದರೆ ಮಾತ್ರ ಕೇಳಬಹುದು. ನನಗಂತೂ ಐದು ನಿಮಿಷದವುಗಳಿಗಿಂತ ಒಂದು ನಿಮಿಷದವೇ ಇಷ್ಟ. ಹೊತ್ತು ಜಾಸ್ತಿ ಸಿಕ್ಕಿದರೆ ಹುಡುಗರು ಅಂಗಿಯ ಗುಂಡಿ ಎಣಿಸೋಕೆ ಶುರು ಮಾಡುತ್ತಾರೆ.

ದೂರದಿಂದ ನೋಡಿದ್ದು ಸಾಕು, ಈಗ ಹತ್ತಿರ ಬನ್ನಿ. ಗೆರೆ ನೋಡಿ. ಪೆನ್ಸಿಲ್ಲಿನಲ್ಲಿ ಸೀಸ ಅಂತೀವಿ, ಆದರೆ ಅದರಲ್ಲಿ ಸೀಸ ಇರುವುದಿಲ್ಲ. ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಸೇರಿಸಿ ಸುಟ್ಟಿರುತ್ತಾರೆ. ಫ್ರಾನ್ಸಿನ ಕೋಂಟೆ ಅನ್ನುವವರು 1795ರಲ್ಲಿ ಕಂಡುಹಿಡಿದ ಪಾಕ. ಮಣ್ಣು ಕಡಿಮೆ ಆದಷ್ಟೂ ಮೆತ್ತಗೆ, ಕಪ್ಪಗೆ. ಸ್ಕೂಲಿನ ಎಚ್‌ಬಿಗಿಂತ 2ಬಿ ಮೆತ್ತಗೆ, ಅದಕ್ಕಿಂತ 4ಬಿ, ಅದಕ್ಕಿಂತ 6ಬಿ. ಅವಸರದ ಸ್ಕೆಚ್ಚಿಗೆ ಈ ಮೆತ್ತಗಿನವೇ ಜಾಸ್ತಿ ಬಳಸುವುದು, ಯಾಕಂದ್ರೆ ಕೈ ಸ್ವಲ್ಪ ಒತ್ತಿದರೂ ಸ್ವಲ್ಪ ಬಿಟ್ಟರೂ ಕಾಗದಕ್ಕೆ ಗೊತ್ತಾಗುತ್ತದೆ.

ಇಲ್ಲಿ ನನ್ನ ಹೆಂಡತಿ ನನಗಿಂತ ಮುಂದೆ ಹೋದಳು. ಮುಖಾನೇ ಇಲ್ಲ ಅಂದವಳು ಒಂದು ವಾರ ಆದ ಮೇಲೆ ಸ್ಕೆಚ್ ಹತ್ತಿರ ಹೋಗಿ, "ಇಲ್ಲಿ ಕೈ ಎತ್ತೇ ಇಲ್ಲ ನೋಡ್ರೀ ಅವಳು" ಅಂದಳು. ಕಿವಿಯ ಹತ್ತಿರ ಶುರುವಾದ ಗೆರೆ ಕತ್ತು, ಬೆನ್ನು, ಸೊಂಟ ಸುತ್ತಿ ಎಡಗಾಲಿಗೆ ಒಂದೇ ಉಸಿರಿನಲ್ಲಿ ಇಳಿದಿತ್ತು. ನಲವತ್ತು ವರ್ಷದಿಂದ ಬೆಳಿಗ್ಗೆ ಎದ್ದು ಎಳೆ ರಂಗೋಲಿ ಹಾಕುವವಳು. ಬೆರಳಿನ ಸಂದಿಯಿಂದ ಪುಡಿ ಎಲ್ಲಿ ದಪ್ಪ ಬೀಳುತ್ತೆ, ಎಲ್ಲಿ ಸಣ್ಣ ಆಗುತ್ತೆ, ಅಳುಕಿದ ಕೈ ಎಲ್ಲಿ ನಿಂತು ಮುಂದೆ ಹೋಗುತ್ತೆ ಅಂತ ಅವಳಿಗೆ ಹೇಳಿಕೊಡಬೇಕಾಗಿಲ್ಲ. ಭಾರ ಇರುವ ಕಡೆ, ಹಿಮ್ಮಡಿ, ಬ್ಯಾಗಿನ ಪಟ್ಟಿ ಭುಜಕ್ಕೆ ಕೂತ ಜಾಗ, ಅಲ್ಲೆಲ್ಲ ಗೆರೆ ಕಪ್ಪು. ಸಡಿಲ ಬಿಟ್ಟ ಬಲಗಾಲಿಗೆ ಇದ್ದೂ ಇಲ್ಲದ ಹಾಗೆ ಒಂದು ತೆಳು ಗೆರೆ. ಕಾಲು ಒಂದೇ ಇದ್ದಂಗಿದೆ ಅಂದಿದ್ದು ಅದಕ್ಕೇ. ನಿಜ ಹೇಳಬೇಕಂದರೆ ಅವತ್ತು ಕೆಲಸ ಮಾಡುತ್ತಿದ್ದದ್ದು ಒಂದೇ ಕಾಲು.

ಇನ್ನು ಸ್ಕೆಚ್ಚಿನಲ್ಲಿ ಒಂದೇ ಕಾಲಿಗೆ ಎರಡು ಮೂರು ಗೆರೆ ಇರುತ್ತವೆ. ಮೊದಲು ಒಂದು ಕಡೆ ತೆಳ್ಳಗೆ ಹಾಕಿ, ಸರಿಯಿಲ್ಲ ಅನಿಸಿ, ಅಳಿಸದೆ ಪಕ್ಕದಲ್ಲೇ ಇನ್ನೊಂದು, ಕೊನೆಗೆ ಗಟ್ಟಿ ಗೆರೆ. ನೋಡುವವರಿಗೆ ಇದು ಗಲೀಜು ಅನಿಸುತ್ತೆ. ನನಗೂ ಅನಿಸಿತು. ಅದರಿಂದ ನಾನು ಮಾಡಿದ ಕೆಲಸ ಹೇಳಿದರೆ ನೀವು ಬೈಯುತ್ತೀರಿ.

ಫ್ರೇಮ್ ಹಾಕಿಸೋ ಮುಂಚೆ ಸ್ವಲ್ಪ ಚೊಕ್ಕ ಮಾಡೋಣ ಅಂತ ಮೊಮ್ಮಗನ ರಬ್ಬರ್ ತಗೊಂಡೆ. ಎಡಗಾಲಿನ ಹೊರಗಡೆ ಎರಡು ತೆಳು ಗೆರೆ ಇದ್ದವು, ಹಿಮ್ಮಡಿ ಹತ್ತಿರ ಒಂದಿಷ್ಟು ಗೀಚು ಇತ್ತು. ಮೆಲ್ಲಗೆ ಉಜ್ಜಿದೆ. ಹೋಯಿತು. ಪುಡಿ ಊದಿ, ಗೋಡೆಗೆ ಒರಗಿಸಿ, ಹಿಂದೆ ಬಂದು ನೋಡುತ್ತೇನೆ, ಏನೋ ಕೆಟ್ಟಿದೆ. ಆ ಮನುಷ್ಯ ಈಗ ನಿಂತಿಲ್ಲ. ಮೊಳೆಗೆ ನೇತುಹಾಕಿದ ಅಂಗಿ ಪ್ಯಾಂಟಿನ ಥರ ಇದ್ದಾನೆ. ಹಿಮ್ಮಡಿಯ ಗೀಚು ಅಂದುಕೊಂಡದ್ದು ನೆಲ! ಪಾದದ ಕೆಳಗಿನ ನೆರಳು. ಅದು ಹೋದ ಮೇಲೆ ಕಾಲು ಊರೋಕೆ ಜಾಗವೇ ಇಲ್ಲ. ಆ ತೆಳು ಗೆರೆಗಳು ತೂಕ ಎತ್ತ ಸರಿಯಿತು ಅಂತ ಅವಳ ಕಣ್ಣು ಹುಡುಕಿದ ದಾರಿ.

ಮುಂದಿನ ಭಾನುವಾರ ಹುಡುಗಿ ಬಂದಳು. ಮುಚ್ಚಿಡೋಕೆ ಆಗಲಿಲ್ಲ, ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ಕಾಲು ನೀವೇ ತೆಗೆದುಬಿಟ್ರಲ್ಲ ಅಂಕಲ್" ಅಂದಳು. ಮತ್ತೆ ಬರೆದುಕೊಡು ಅಂದೆ. ಆಗಲ್ಲ, ಅದು ಆ ನಿಮಿಷದ್ದು ಅಂದಳು. ಆಮೇಲೆ ನನ್ನ ಕೈಯಿಂದ ಟಾರ್ಚ್ ಕೇಳಿ ಪಡೆದು, ದೀಪ ಆರಿಸಿ, ಕಾಗದದ ಪಕ್ಕದಿಂದ ಅಡ್ಡಡ್ಡ ಬೆಳಕು ಬಿಟ್ಟಳು. ನಾನು ಉಜ್ಜಿದ ಗೆರೆಗಳು ಅಲ್ಲೇ ಇದ್ದವು! ರಬ್ಬರಿಗೆ ಕಪ್ಪು ಹೋಗಿತ್ತು, ಪೆನ್ಸಿಲ್ ಒತ್ತಿದ ಸಣ್ಣ ಗೀರು ಹೋಗಿರಲಿಲ್ಲ. ಗದ್ದೆಯಲ್ಲಿ ನೀರು ಬತ್ತಿದ ಮೇಲೂ ಕಾಲುವೆ ಗುರುತು ಉಳಿಯುತ್ತಲ್ಲ, ಹಾಗೆ.

ಅಡ್ಡ ಬೆಳಕಿನಲ್ಲಿ ನೋಡುವುದನ್ನು ಅವತ್ತಿನಿಂದ ಅಭ್ಯಾಸ ಮಾಡಿಕೊಂಡೆ, ನೀವೂ ಮಾಡಿ. ಎಲ್ಲಿ ಕೈ ಒತ್ತಿದೆ, ಎಲ್ಲಿ ತೇಲಿದೆ ಎಲ್ಲ ಕಾಣುತ್ತದೆ. ಒತ್ತಿ ಹಾಕಿದ ಪೆನ್ಸಿಲ್ ಗೆರೆ ಬೆಳಕಿಗೆ ಮಿಂಚುತ್ತದೆ, ಇದ್ದಿಲಿನ ಗೆರೆ ಮಿಂಚುವುದಿಲ್ಲ. ಬರೆದವರು ಎಡಚರೋ ಅಂತಲೂ ಊಹಿಸಬಹುದು. ನೆರಳಿಗೆ ಹಾಕುವ ಸಾಲುಗೆರೆ ಬಲಗೈಯವರದ್ದು ಸಾಮಾನ್ಯವಾಗಿ ಕೆಳಗೆ ಎಡದಿಂದ ಮೇಲೆ ಬಲಕ್ಕೆ ಓರೆಯಾಗಿರುತ್ತದೆ, ಎಡಗೈಯವರದ್ದು ಅದಕ್ಕೆ ತಿರುಗಾಮುರುಗ. ಲಿಯೊನಾರ್ಡೊ ಡ ವಿಂಚಿ ಎಡಚ ಅನ್ನುವುದಕ್ಕೆ ಇದನ್ನೂ ಒಂದು ಗುರುತಾಗಿ ತೋರಿಸುತ್ತಾರೆ.

ಏನು ಬಿಟ್ಟಿದ್ದಾರೆ ಅನ್ನುವುದನ್ನೂ ನೋಡಿ. ಜಗನ್ಮೋಹನ ಅರಮನೆಯಲ್ಲಿ ಹಲ್ದಣಕರ್ ಅವರ ಜಲವರ್ಣದ ಚಿತ್ರ ಇದೆಯಲ್ಲ, ದೀಪ ಹಿಡಿದು ನಿಂತ ಹೆಣ್ಣು. ಮೈಸೂರಿನವರು ಮನೆಗೆ ಬಂದ ನೆಂಟರಿಗೆಲ್ಲ ತೋರಿಸುವ ಚಿತ್ರ. ಅದಕ್ಕೆ ನಿಂತದ್ದು ಅವರ ಮಗಳೇ. ಅಲ್ಲಿ ಬೆರಳ ಸಂದಿಯ ಕೆಂಪು ಬೆಳಕಿನವರೆಗೆ ಎಲ್ಲವೂ ಇದೆ, ಇರಲೇಬೇಕು. ಒಂದು ನಿಮಿಷದ ಸ್ಕೆಚ್ಚಿನಿಂದ ಅದನ್ನು ಕೇಳುವುದು ಅಂದರೆ ಕಾಫಿ ಕುಡಿಯೋಕೆ ಕರೆದವರಿಂದ ಮದುವೆ ಊಟ ಕೇಳಿದ ಹಾಗೆ. ನನ್ನ ಸ್ಕೆಚ್ಚಿನಲ್ಲಿ ಬಲಗೈಗೆ ಬೆರಳಿಲ್ಲ, ಬರೀ ಒಂದು ಮುಷ್ಟಿಯ ಆಕಾರ. ಆದರೆ ಹೆಬ್ಬೆರಳು ಮಾತ್ರ ಇದೆ, ಮೇಲಕ್ಕೆ ಎದ್ದಿದೆ. ಟಿಕೆಟ್ ಹರಿದು ಹರಿದು ನನ್ನ ಹೆಬ್ಬೆರಳು ಸುಮ್ಮನಿದ್ದಾಗಲೂ ಹಾಗೇ ನಿಲ್ಲುತ್ತದೆ. ನನಗೇ ಗೊತ್ತಿರಲಿಲ್ಲ.

ಅಳತೆ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ದೊಡ್ಡವರ ಎತ್ತರ ಸುಮಾರು ಏಳು, ಏಳೂವರೆ ತಲೆಯಷ್ಟು ಅಂತ ಲೆಕ್ಕ. ಅವಸರದಲ್ಲಿ ಎಂಟಾಗುತ್ತೆ, ಆರಾಗುತ್ತೆ. ಕಾಗದದ ಕೆಳಗೆ ಜಾಗ ಸಾಲದೆ ಪಾದ ಮೊಟಕಾಗುವುದು ಎಲ್ಲರ ಕಥೆ.

ಹಾಗಾದರೆ ಎಲ್ಲ ಸ್ಕೆಚ್ಚೂ ಚೆನ್ನಾಗಿರುತ್ತಾ? ಇಲ್ಲ. ನಾನು ನಿಂತ ಭಾನುವಾರಗಳಲ್ಲಿ ಬೆದರುಬೊಂಬೆಗಳೂ ಬೇಕಾದಷ್ಟು ಹುಟ್ಟಿದವು. ಒಬ್ಬ ಹುಡುಗ ನನ್ನ ಮೀಸೆಗೇ ಒಂದು ನಿಮಿಷ ಖರ್ಚು ಮಾಡಿದ, ಮೀಸೆ ಸೊಗಸಾಗಿತ್ತು, ಕೆಳಗೆ ಮನುಷ್ಯನೇ ಇರಲಿಲ್ಲ. ಇನ್ನೊಬ್ಬ ಸುತ್ತಲೂ ಒಂದೇ ದಪ್ಪದ ಗೆರೆ ಎಳೆದ, ತಂತಿ ಬಗ್ಗಿಸಿದ ಹಾಗೆ. ಕೆಲವರು ಪಿಚಿಪಿಚಿ ಕೂದಲಿನಂಥ ಗೆರೆ ಸೇರಿಸಿ ಸೇರಿಸಿ ಬರೆಯುತ್ತಾರೆ. ಇದನ್ನು ಆಗ ಹೇಳಿದ ಹುಡುಕುವ ಗೆರೆ ಅಂತ ತಪ್ಪು ತಿಳಿಯಬೇಡಿ. ಹುಡುಕುವ ಗೆರೆ ಉದ್ದವಾಗಿರುತ್ತೆ, ಎಲ್ಲಿಗೋ ಹೋಗುತ್ತೆ. ಕೂದಲು ಗೆರೆ ಇದ್ದಲ್ಲೇ ನಡುಗುತ್ತೆ. ಎಲ್ಲಕ್ಕಿಂತ ನನಗೆ ಆಗದ್ದು ಯಾವುದು ಅಂದರೆ, ಯಾರನ್ನು ನಿಲ್ಲಿಸಿದರೂ ಸಿನಿಮಾ ಹೀರೋ ಥರ ಭುಜ ಬರೆಯುವವರು. ಅಂಥವರಿಗೆ ನಾನ್ಯಾಕೆ ನಿಲ್ಲಬೇಕು? ಫೋಟೋ ಸಾಕಲ್ಲ.

ಸ್ಕೆಚ್ ನಿಮ್ಮ ಕೈಗೆ ಬಂದರೆ ಹೇಗೆ ಇಟ್ಟುಕೊಳ್ಳಬೇಕು ಅನ್ನುವುದನ್ನೂ ಹೇಳಿಬಿಡುತ್ತೇನೆ. ಮೆತ್ತಗಿನ ಪೆನ್ಸಿಲ್ ಬೆರಳು ತಾಗಿದರೆ ಸವರಿಹೋಗುತ್ತದೆ, ಅಂಚು ಹಿಡಿದು ಎತ್ತಿ. ಸುರುಳಿ ಸುತ್ತಬೇಡಿ. ನಾನು ಮೊದಲು ಕೊಟ್ಟ ಅಂಗಡಿಯವರು ಹಿಂದುಗಡೆ ಪೂರ್ತಿ ಗೋಂದು ಬಳಿದು ರಟ್ಟಿಗೆ ಅಂಟಿಸಿ, ಗಾಜನ್ನು ಕಾಗದಕ್ಕೇ ಒತ್ತಿ ಕೂರಿಸಿದ್ದರು. ಪುಣ್ಯಕ್ಕೆ ಅದು ಬೇರೆ ಸ್ಕೆಚ್. ಒಂದು ಮಳೆಗಾಲಕ್ಕೆ ಕಾಗದ ಉಬ್ಬಿ ಗಾಜಿಗೆ ಕಪ್ಪು ಹತ್ತಿಕೊಂಡಿತು. ಸುತ್ತ ರಟ್ಟಿನ ಅಂಚು ಕಟ್ಟಿಸಿ, ಗಾಜಿಗೂ ಕಾಗದಕ್ಕೂ ನಡುವೆ ಜಾಗ ಬಿಡಿಸಿ. ಆಸಿಡ್ ಇಲ್ಲದ ಮೌಂಟ್ ಬೋರ್ಡ್ ಕೇಳಿ, ಸ್ವಲ್ಪ ದುಡ್ಡು ಜಾಸ್ತಿ. ಬಿಸಿಲು ಬೀಳುವ ಗೋಡೆ ಬೇಡ. ಪೆನ್ಸಿಲ್ ಗೆರೆ ಬಿಸಿಲಿಗೆ ಮಾಸುವುದಿಲ್ಲ, ಆದರೆ ಅಗ್ಗದ ಕಾಗದ ನ್ಯೂಸ್ ಪೇಪರಿನಂತೆ ಹಳದಿ ಆಗಿ ಪುಡಿಯಾಗುತ್ತದೆ.

ನಮ್ಮದನ್ನು ಹಾಲ್‌ನಿಂದ ಅಡುಗೆಮನೆಗೆ ಹೋಗುವ ಓಣಿಯಲ್ಲಿ ನೇತುಹಾಕಿದ್ದೇವೆ. ಹಿಂದಿನ ಹಲಗೆಗೆ ಮೊಳೆ ಹೊಡೆಸಿಲ್ಲ, ನಾಲ್ಕು ಕ್ಲಿಪ್ ಹಾಕಿಸಿದ್ದೇನೆ, ಬೇಕಾದಾಗ ಬಿಚ್ಚೋಕೆ. ಯಾರಾದರೂ ಬಂದು ಕಾಲೆಲ್ಲಿ ಅಂದರೆ ಹೆಂಡತಿ ಲೈಟ್ ಆರಿಸುತ್ತಾಳೆ, ನಾನು ಟಾರ್ಚ್ ತರುತ್ತೇನೆ.